ಗಾಣಿಗನ ಹೆಂಡತಿಯ ನಗು

"ಗುರುಗಳೇ, ಹೊಟ್ಟೆಕಿಚ್ಚು ಪ್ರೀತಿಯ ಗುರುತಲ್ಲವೇ?" ಎಂದು ಶಿಷ್ಯ ಕೇಳಿದ. "ನಮಗೆ ಬೇಡವಾದವರ ವಿಷಯದಲ್ಲಿ ಅದು ಹುಟ್ಟುವುದೇ ಇಲ್ಲ. ಅಂದ ಮೇಲೆ ಅದನ್ನು ದೋಷವೆನ್ನುವುದು ಹೇಗೆ?"

ಶಿಷ್ಯ ಸಂಸಾರಿ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗುರುಗಳು ಅವನ ಮನೆಯ ವಿಚಾರ ಕೇಳಲಿಲ್ಲ. ಕುಳಿತುಕೋ ಎಂದು ಸನ್ನೆ ಮಾಡಿ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗಾಣಿಗನಿದ್ದ. ಹರೆಯದವನು, ಕೆಲಸದಲ್ಲಿ ಗಟ್ಟಿಗ. ಅವನ ಗಾಣದ ಎಳ್ಳೆಣ್ಣೆಗೆ ಸುತ್ತಲ ಹಳ್ಳಿಗಳಲ್ಲಿ ಹೆಸರಿತ್ತು. ಚಿಕ್ಕಂದಿನಲ್ಲೇ ತಂದೆ ತಾಯಿ ತೀರಿಕೊಂಡಿದ್ದರು. ಮನೆಯಲ್ಲಿ ಅವನು, ಅವನ ಎತ್ತು, ಅವನ ಗಾಣ ಇಷ್ಟೇ. ತಾನೇ ಬೇಯಿಸಿ ತಾನೇ ಉಣ್ಣುತ್ತಿದ್ದವನಿಗೆ ನೆಂಟರು ಸೇರಿ ಹೊಳೆಯಾಚೆಯ ಊರಿನಿಂದ ಹೆಣ್ಣು ತಂದರು. ಅವಳ ಹೆಸರು ಹೊನ್ನವ್ವ.

ಹೊನ್ನವ್ವ ಬಂದ ಮೇಲೆ ಆ ಮನೆಗೆ ಮನೆಯೆಂಬ ಹೆಸರು ಬಂತು. ಅವನು ಗಾಣ ಕಟ್ಟಿದರೆ ಅವಳು ಎಳ್ಳು ಕೇರಿ ಕೊಡುತ್ತಿದ್ದಳು. ಅವನು ಎಣ್ಣೆ ಸೋಸಿದರೆ ಅವಳು ಹಿಂಡಿ ಒಡೆದು ಎತ್ತಿಗೆ ಹಾಕುತ್ತಿದ್ದಳು. ಒಮ್ಮೆ ಎತ್ತು ಹಗ್ಗ ಹರಿದುಕೊಂಡು ಹುರುಳಿ ಹೊಲಕ್ಕೆ ನುಗ್ಗಿತು. ಗಂಡ ಹೆಂಡತಿ ಇಬ್ಬರೂ ಅದರ ಹಿಂದೆ ಓಡಿದರು. ಊರ ಗಡಿಯವರೆಗೆ ಅಟ್ಟಾಡಿಸಿ ಹಿಡಿದರು. ಹಿಡಿಯುವ ಹೊತ್ತಿಗೆ ಇಬ್ಬರಿಗೂ ಏದುಸಿರು. ಬದುವಿನ ಮೇಲೆ ಕುಳಿತು, ಎತ್ತಿನ ಹಗ್ಗವನ್ನು ಇಬ್ಬರೂ ಹಿಡಿದುಕೊಂಡು, ಸುಧಾರಿಸಿಕೊಂಡು ಮನೆಗೆ ಬಂದರು. ಅಂಥ ದಿನಗಳು ಅವು. ಹೊಸ ಮನೆಯೆಂದು ಅವಳು ತುಟಿಯಂಚಿನಲ್ಲೇ ನಗುತ್ತಿದ್ದಳು. ಗಾಣಿಗ ಅವಳ ನಗುವೇ ಅಷ್ಟು ಎಂದುಕೊಂಡಿದ್ದ. ಅಷ್ಟು ನಗು ಅವನಿಗೆ ಸಾಕಾಗಿತ್ತು.

ಹೀಗಿರುವಾಗ ಹೊಳೆಯಾಚೆಯಿಂದ ಕರೆ ಬಂತು. ಹೊನ್ನವ್ವನ ಅಣ್ಣನ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಮದುವೆ ಗಾಣಿಗನ ಊರಿನಲ್ಲೇ ಆಗಿತ್ತು. ಹಾಗಾಗಿ ಮಾವನ ಮನೆಗೆ ಅವನು ಹೊರಟದ್ದು ಅದೇ ಮೊದಲು. ಎತ್ತನ್ನು ನೆರೆಯವರಿಗೆ ಒಪ್ಪಿಸಿ, ಒಂದು ಕೊಡ ಎಣ್ಣೆ ಹೊತ್ತುಕೊಂಡು, ಇಬ್ಬರೂ ನಸುಕಿನಲ್ಲೇ ಹೊರಟರು.

ಹೊಳೆಯ ದಡಕ್ಕೆ ಬಂದಾಗ ಹರಿಗೋಲು ಇನ್ನೂ ನಡುನೀರಿನಲ್ಲಿತ್ತು. ಅಲ್ಲಿಂದಲೇ ಒಂದು ಗಂಡುದನಿ ಕೂಗಿತು.

"ಹೊನ್ನೀ, ಬಂದೆಯಾ?"

ಹೊನ್ನವ್ವ ಕೈ ಬೀಸಿ ನಕ್ಕಳು. ತುಟಿಯಂಚಿನ ನಗುವಲ್ಲ. ಆಚೆ ದಡಕ್ಕೂ ಕೇಳುವಂಥ ನಗು. ಗಾಣಿಗ ಆ ನಗುವನ್ನು ಕೇಳಿಯೇ ಇರಲಿಲ್ಲ. ಅವನ ಎದೆಯಲ್ಲಿ ಏನೋ ಚುರುಕ್ಕೆಂದಿತು. ಕೂಗಿದವನು ಯಾರಿರಬಹುದು, ಎಷ್ಟು ವಯಸ್ಸಿನವನಿರಬಹುದು ಎಂದು ಕಣ್ಣು ಕಿರಿದು ಮಾಡಿ ನೋಡಿದ.

ಹರಿಗೋಲು ಹತ್ತಿರ ಬಂತು. ಅಂಬಿಗ ಅವನ ಮಾವನಿಗಿಂತ ಹಿರಿಯ. ಮೀಸೆ ನರೆತಿತ್ತು, ಮುಂದಿನ ಹಲ್ಲು ಎರಡು ಬಿದ್ದಿದ್ದವು. ಗಾಣಿಗನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಯುವಕನಾಗಿದ್ದರೆ ದ್ವೇಷಿಸಬಹುದಿತ್ತು. ಈ ಮುದುಕನನ್ನು ಏನು ಮಾಡುವುದು?

ಹೊಳೆ ದಾಟುವಷ್ಟು ಹೊತ್ತೂ ಅಂಬಿಗ ಹಳೆಯ ಮಾತು ತೆಗೆದ. ಹೊನ್ನಿ ಆರು ವರ್ಷದವಳಿದ್ದಾಗ ನೀರಿಗೆ ಬಿದ್ದದ್ದು, ತಾನು ಜಡೆ ಹಿಡಿದು ಎಳೆದದ್ದು, ಮೇಲೆ ಬಂದವಳು ಅಳುವುದು ಬಿಟ್ಟು ಕೈತಪ್ಪಿದ ಕಡಲೆಪುರಿಯನ್ನು ಕೇಳಿದ್ದು. ಅವನು ಅರ್ಧ ಹೇಳಿದರೆ ಉಳಿದರ್ಧ ಅವಳೇ ಹೇಳಿದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗಾಣಿಗನೂ ನಕ್ಕ. ಅವನ ನಗು ಹಲ್ಲಿನಿಂದೀಚೆಗಿನದು.

ತವರಿನಲ್ಲಿ ಮೂರು ದಿನ ಇದ್ದರು. ಆದರದಲ್ಲಿ ಕೊರತೆಯಿರಲಿಲ್ಲ. ಅಳಿಯಂದಿರಿಗೆಂದು ಹೋಳಿಗೆ ಮಾಡಿದರು, ಹೊಸ ಪಂಚೆ ಕೊಟ್ಟರು. ಗಾಣಿಗ ಜಗುಲಿಯಲ್ಲಿ ಕುಳಿತು ಒಳಗಿನ ಸದ್ದಿಗೆ ಕಿವಿಗೊಟ್ಟಿರುತ್ತಿದ್ದ. ಹೊನ್ನವ್ವ ಅತ್ತಿಗೆಯೊಡನೆ ಒರಳಿನ ಮುಂದೆ ಕುಳಿತು ನಗುತ್ತಿದ್ದಳು. ಅಜ್ಜಿಯ ತಲೆ ಬಾಚುತ್ತಾ ನಗುತ್ತಿದ್ದಳು. ಕಟ್ಟಿದ ಮೇಕೆ ಸೆರಗು ಜಗ್ಗಿದರೆ ಅದಕ್ಕೂ ನಗುತ್ತಿದ್ದಳು. ಪ್ರತಿ ನಗುವಿಗೂ ಗಾಣಿಗನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಜಗಳವಾಡಲು ಒಬ್ಬ ಮನುಷ್ಯ ಬೇಕು. ಇಲ್ಲಿ ಯಾರೊಡನೆ ಆಡುವುದು? ಅಜ್ಜಿಯೊಡನೆಯೋ? ಮೇಕೆಯೊಡನೆಯೋ? ಈ ಮನೆ, ಈ ಹೊಳೆ, ಈ ಊರಿನ ಗಾಳಿ, ಎಲ್ಲವೂ ತನ್ನ ಹೆಂಡತಿಯನ್ನು ತನಗಿಂತ ಮೊದಲೇ ಪಡೆದುಬಿಟ್ಟಿವೆ, ತನಗೆ ಸಿಕ್ಕಿದ್ದು ಉಳಿದ ಪಾಲು ಎಂದು ಅವನಿಗೆ ಅನಿಸಿತು. 

ನಾಲ್ಕನೆಯ ದಿನ ಮರಳಿ ಹೊರಟರು. ಮೇಲೆಲ್ಲೋ ಮಳೆಯಾಗಿ ಹೊಳೆ ಕೆಂಪಗೆ ಏರಿತ್ತು. ಅಂಬಿಗ ಬಿದಿರು ಸೀಳಲು ಹೋಗಿ ಅಂಗೈ ಕೊಯ್ದುಕೊಂಡು ಬಟ್ಟೆ ಸುತ್ತಿಕೊಂಡಿದ್ದ. ನಾಳೆ ಬನ್ನಿ ಎಂದ. ಮತ್ತೊಂದು ದಿನ ಅಲ್ಲಿರಲು ಗಾಣಿಗನಿಗೆ ಮನಸ್ಸಿರಲಿಲ್ಲ. ಎತ್ತಿನ ನೆಪ ಹೇಳಿದ. ಹಾಗಿದ್ದರೆ ಹುಟ್ಟು ಹೊನ್ನಿಯ ಕೈಗೆ ಕೊಡುತ್ತೇನೆ, ಚಿಕ್ಕಂದಿನಲ್ಲೇ ನಾನು ಕಲಿಸಿದ್ದೇನೆ, ನಾನು ಜೊತೆಗೆ ಕೂರುತ್ತೇನೆ, ಆಚೆ ದಡದಲ್ಲಿ ತಮ್ಮನಿದ್ದಾನೆ, ಹರಿಗೋಲನ್ನು ಅವನು ತಿರುಗಿ ತರುತ್ತಾನೆ ಎಂದ ಅಂಬಿಗ. ಅಲ್ಲೇ ಕಾದಿದ್ದ ಇನ್ನಿಬ್ಬರು, ಹೊನ್ನಿ ಹಾಕುವುದಾದರೆ ನಾವೂ ಬರುತ್ತೇವೆ ಎಂದರು. ಗಾಣಿಗ ಈಜು ಅರಿಯದವನು. ಅದನ್ನು ಅಲ್ಲಿ ಹೇಳಿಕೊಳ್ಳಲಾರದೆ ಹತ್ತಿ ಕುಳಿತ.

ನಡುಹೊಳೆಯಲ್ಲಿ ಸೆಳವು ಹರಿಗೋಲನ್ನು ಹಿಡಿದು ತಿರುಗಿಸಿತು. ಗಾಣಿಗ ಎರಡೂ ಕೈಯಿಂದ ಅಂಚನ್ನು ಹಿಡಿದುಕೊಂಡ. ಹೊನ್ನವ್ವ ಸೆರಗು ಬಿಗಿದು ಮಂಡಿಯೂರಿ ಹುಟ್ಟು ಹಾಕುತ್ತಿದ್ದಳು. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂದು ಅವಳ ತೋಳಿಗೆ ಗೊತ್ತಿತ್ತು. ಸೆಳವಿನಿಂದ ಹರಿಗೋಲು ಬಿಡಿಸಿಕೊಂಡಾಗ ಅವಳು ಆಕಾಶದ ಕಡೆ ಮುಖವೆತ್ತಿ ನಕ್ಕಳು. ಆ ಗಳಿಗೆಯಲ್ಲಿ ಅವಳಿಗೆ ಗಂಡನ ನೆನಪಿರಲಿಲ್ಲ, ತವರಿನ ನೆನಪೂ ಇರಲಿಲ್ಲ. ಗಾಣಿಗ ಅದನ್ನು ಕಂಡ. ಸಾವಿನ ಭಯದ ನಡುವೆಯೂ ಅವನ ಮೈ ಉರಿಯಿತು.

ದಡ ಸೇರಿದ ಮೇಲೆ ಅವಳು ಹತ್ತಿರ ಬಂದು, ಹೆದರಿದಿರಾ ಎಂದು ಮೆಲ್ಲಗೆ ಕೇಳಿದಳು. ಅವನು ಜೊತೆಯವರು ಹೋಗುವವರೆಗೆ ಕಾದು, ಒಂದೇ ಮಾತು ಹೇಳಿದ.

"ಇನ್ನು ಮೇಲೆ ನೀನು ಹುಟ್ಟು ಮುಟ್ಟಬೇಡ. ನಾಲ್ಕು ಜನರೆದುರು ಹಾಗೆ ನಗಲೂ ಬೇಡ."

ಹೊನ್ನವ್ವ ಅವನ ಮುಖ ನೋಡಿದಳು. ಆಗಲಿ ಎಂದಳು. 

ಅವಳು ಮಾತಿಗೆ ತಪ್ಪುವವಳಲ್ಲ. ಎಳ್ಳು ಕೇರಿದಳು, ಹಿಂಡಿ ಒಡೆದಳು, ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದಳು. ನೀರು ತರಲು ಹೋದರೆ ಕೊಡ ತುಂಬಿಸಿಕೊಂಡು ನೇರ ಮನೆಗೆ ಬಂದಳು. ಎಣ್ಣೆಗೆ ಬಂದ ಹೆಂಗಸರೊಡನೆ ಬೇಕಾದಷ್ಟೇ ಮಾತಾಡಿದಳು. ಗಾಣಿಗನಿಗೆ ಮೊದಲ ತಿಂಗಳು ಗೆದ್ದಂತೆ ಅನಿಸಿತು. ಎರಡನೆಯ ತಿಂಗಳು ಮನೆ ಮೊದಲಿನಂತೆಯೇ, ತಾನೊಬ್ಬನೇ ಇದ್ದಾಗಿನಂತೆ, ಆಗಿಬಿಟ್ಟಿದೆ ಎನಿಸಿತು. ಈಗ ಅವಳು ಬೇರೆ ಯಾರೊಡನೆಯೂ ನಗುತ್ತಿರಲಿಲ್ಲ. ಅವನೊಡನೆಯೂ ನಗುತ್ತಿರಲಿಲ್ಲ. ತುಟಿಯಂಚಿನ ಆ ಚಿಕ್ಕ ನಗುವೂ ಹೋಗಿತ್ತು.

ಅವನು ಸಂತೆಯಿಂದ ಹಸಿರು ಬಳೆ ತಂದ. ತೊಟ್ಟುಕೊಂಡಳು. ಅಂಬಿಗ ಹೇಳಿದ್ದ ಕಡಲೆಪುರಿಯ ಕತೆಯನ್ನೇ ತಾನು ಹೇಳಿ ನೋಡಿದ. ಹೌದು, ಹಾಗಾಗಿತ್ತು ಎಂದು ಅವಳು ಎದ್ದು ಒಲೆಯ ಕಡೆ ಹೋದಳು.

ಒಂದು ಮಧ್ಯಾಹ್ನ ಅವನು ಗಾಣದ ಸುತ್ತ ನಡೆಯುತ್ತಿದ್ದಾಗ ಚೆಲ್ಲಿದ ಎಣ್ಣೆಯ ಮೇಲೆ ಕಾಲಿಟ್ಟು ಜಾರಿ, ಹಿಂಡಿಯ ಬುಟ್ಟಿಯೊಳಗೆ ಕುಳಿತುಬಿಟ್ಟ. ಎತ್ತು ತನ್ನಷ್ಟಕ್ಕೆ ನಿಂತು, ತಿರುಗಿ ಅವನ ತಲೆ ಮೂಸಿತು. ಬಾಗಿಲಲ್ಲಿದ್ದ ಹೊನ್ನವ್ವನಿಗೆ ನಗು ಉಕ್ಕಿ ಬಂತು. ಬಂದದ್ದನ್ನು ಅವಳು ಅಂಗೈಯಿಂದ ಒತ್ತಿ ಹಿಡಿದಳು. ಹಿಡಿದು, ಹೆದರಿದ ಕಣ್ಣಿನಿಂದ ಗಂಡನನ್ನು ನೋಡಿದಳು.

ಗಾಣಿಗ ಬುಟ್ಟಿಯಿಂದ ಏಳಲಿಲ್ಲ. ಹೆಂಡತಿ ತನ್ನನ್ನು ಹಾಗೆ ನೋಡಿದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಅಂದು ಗಾಣ ಮತ್ತೆ ತಿರುಗಲಿಲ್ಲ.

ಮರುದಿನ ಎಣ್ಣೆ ಕೊಟ್ಟು ಬರುತ್ತೇನೆ ಎಂದು ಸುಳ್ಳು ಹೇಳಿ ಅವನೊಬ್ಬನೇ ಹೊಳೆ ದಾಟಿದ. ಹೊನ್ನಿ ಬರಲಿಲ್ಲವೇ ಎಂದು ಅಂಬಿಗ ಕೇಳಿದ್ದಕ್ಕೆ ತಲೆ ತಗ್ಗಿಸಿದ. ಮಾವನ ಮನೆಯಲ್ಲಿ ಎಲ್ಲರೂ ಹೊಲಕ್ಕೆ ಹೋಗಿದ್ದರು. ಅಜ್ಜಿಯೊಬ್ಬಳು ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದಳು. ಗಾಣಿಗ ಅವಳ ಮುಂದೆ ಕುಳಿತ. 

"ಅಜ್ಜೀ, ನೀವೆಲ್ಲ ಅವಳನ್ನು ಹೇಗೆ ನಗಿಸುತ್ತಿದ್ದಿರಿ? ನನಗೂ ಹೇಳಿಕೊಡಿ."

ಅಜ್ಜಿ ಅವನನ್ನು ದಿಟ್ಟಿಸಿ ನೋಡಿದಳು.

"ನಾವ್ಯಾರೂ ನಗಿಸಲಿಲ್ಲಪ್ಪ. ಅವಳು ನಗುತ್ತಿದ್ದಳು. ನಾವು ಅಡ್ಡ ಬರಲಿಲ್ಲ, ಅಷ್ಟೆ."

ಅಜ್ಜಿ ಒಂದು ಲೋಟ ಮಜ್ಜಿಗೆ ಕೊಟ್ಟಳು. ಅವನು ಕುಡಿದು ಎದ್ದ.

ಮನೆಗೆ ಬಂದಾಗ ಹೊನ್ನವ್ವ ಹಿತ್ತಲಲ್ಲಿ ಎಣ್ಣೆಯ ಗಡಿಗೆ ತೊಳೆಯುತ್ತಿದ್ದಳು. ಗಾಣಿಗ ಅವಳ ಪಕ್ಕದಲ್ಲಿ ಕುಳಿತು ತಾನೊಂದು ಗಡಿಗೆ ಎಳೆದುಕೊಂಡ. ಎಲ್ಲಿಗೆ ಹೋಗಿದ್ದೆನೆಂಬುದನ್ನು ಮುಚ್ಚಿಡದೆ ಹೇಳಿದ. ಆಮೇಲೆ ಹೊಳೆಯ ಮಾತಿಗೆ ಬಂದ.

"ಅವತ್ತು ನನಗೆ ನೀರಿನ ಹೆದರಿಕೆಯಿತ್ತು, ನಿಜ. ಆದರೆ ನಾನು ಸಿಟ್ಟಾದದ್ದು ಅದಕ್ಕಲ್ಲ. ನೀನು ನಗುತ್ತಿದ್ದೆ, ಆ ನಗುವಿನಲ್ಲಿ ನಾನು ಎಲ್ಲಿಯೂ ಇರಲಿಲ್ಲ. ಅದನ್ನು ನನ್ನಿಂದ ತಾಳಲಾಗಲಿಲ್ಲ. ತಪ್ಪು ನನ್ನದು."

ಹೊನ್ನವ್ವನ ಕೈ ಗಡಿಗೆಯೊಳಗೇ ನಿಂತಿತು. ಅವಳು ಹೇಳಿದಳು: "ನಾನು ಏನು ತಪ್ಪು ಮಾಡಿದೆನೆಂದು ಇಷ್ಟು ದಿನ ಹುಡುಕುತ್ತಿದ್ದೆ. ಸಿಗಲಿಲ್ಲ."

ಹೇಳಿ ಅತ್ತಳು. ಅವಳ ಅಳು ನಿಲ್ಲುವವರೆಗೆ ಗಾಣಿಗ ಗಡಿಗೆ ತೊಳೆದ. ತೊಳೆದ ಗಡಿಗೆಯನ್ನೇ ಮತ್ತೆ ತೊಳೆದ.

ಮಳೆಗಾಲ ಕಳೆಯಿತು. ಹೊಳೆ ತಿಳಿಯಾಯಿತು. ಒಂದು ದಿನ ಗಾಣಿಗ ಬುತ್ತಿ ಕಟ್ಟಲು ಹೇಳಿ ಹೆಂಡತಿಯನ್ನು ಕರೆದುಕೊಂಡು ದಡಕ್ಕೆ ಬಂದ. ಅಂಬಿಗನ ಕೈ ಎಂದೋ ವಾಸಿಯಾಗಿತ್ತು. ಗಾಣಿಗ ಅವನಿಂದ ಹರಿಗೋಲನ್ನು ಒಂದು ಹೊತ್ತಿಗೆ ಕೇಳಿ ಪಡೆದ. ಹುಟ್ಟನ್ನು ತಾನೇ ಎತ್ತಿ ಹೆಂಡತಿಯ ಕೈಗೆ ಕೊಟ್ಟ.

ಹೊನ್ನವ್ವ ಹುಟ್ಟು ಹಿಡಿದು ನಿಂತಳು. ನಿಮಗೆ ಈಜು ಬರುವುದಿಲ್ಲವಲ್ಲ ಎಂದಳು. ನಿನಗೆ ಬರುತ್ತದಲ್ಲ ಎಂದ ಅವನು. ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು, ಅವಳಿಗೆ ಬೆನ್ನು ಮಾಡಿ, ನೀರಿನ ಕಡೆ ಮುಖ ಮಾಡಿ ಕುಳಿತ. ಅವನ ಕೈ ಅಂಚನ್ನು ಬಿಗಿಯಾಗಿ ಹಿಡಿದೇ ಇತ್ತು. ಹರಿಗೋಲು ದಡ ಬಿಟ್ಟಿತು. ಗಾಳಿ ಎದುರಿನಿಂದ ಬೀಸುತ್ತಿತ್ತು. ಹರಿಗೋಲು ನಡುಹೊಳೆಗೆ ಬಂದು ಮೆಲ್ಲಗೆ ಒಂದು ಸುತ್ತು ತಿರುಗಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕಾದ. ಕತೆ ಮುಂದುವರಿಯಲಿಲ್ಲ. ಕೊನೆಗೆ ಅವನೇ ಕೇಳಿದ: "ಗುರುಗಳೇ, ಆಗ ಅವಳು ನಕ್ಕಳೇ?"

"ಅದನ್ನು ತಿಳಿಯಲೆಂದು ಅವನು ತಿರುಗಿ ನೋಡಲಿಲ್ಲ," ಎಂದರು ಗುರುಗಳು.