ಏರಿನಲ್ಲಿ ನಿಂತ ಆಟೋ

"ಗುರುಗಳೇ, ಒಳ್ಳೆಯ ಅಡುಗೆಯವರು ಈಗ ಹುಟ್ಟುವುದೇ ಇಲ್ಲವೇ?" ಎಂದು ಚನ್ನವೀರ ಕೇಳಿದ. ಮಠದ ದಾಸೋಹದ ಅಡುಗೆಮನೆ ಅವನ ಉಸ್ತುವಾರಿಯಲ್ಲಿತ್ತು. "ಈ ವರ್ಷ ಮೂವರು ಬಂದು ಹೋದರು. ನಾಲ್ಕನೆಯವನು ಇವತ್ತು ಬೆಳಿಗ್ಗೆ ಸೌಟು ಕೆಳಗಿಟ್ಟು, ಬ್ಯಾಗು ಎತ್ತಿಕೊಂಡು ಹೊರಟುಬಿಟ್ಟ. ನಾಳೆ ಹುಣ್ಣಿಮೆ, ಐನೂರು ಜನ ಊಟಕ್ಕೆ ಬರುತ್ತಾರೆ. ನಾನು ಯಾರನ್ನೂ ಗದರಿದವನಲ್ಲ. ಪಕ್ಕದಲ್ಲೇ ನಿಂತು ಹೇಳಿಕೊಟ್ಟಿದ್ದೇನೆ, ಒಂದು ಗಳಿಗೆಯೂ ಕದಲಿಲ್ಲ."

ಗುರುಗಳು ಹೇಳತೊಡಗಿದರು.

ಒಬ್ಬ ಆಟೋದವನಿದ್ದ. ಇಪ್ಪತ್ತು ವರ್ಷ ಪೆಟ್ರೋಲ್ ಆಟೋ ಓಡಿಸಿ, ಆಮೇಲೆ ಕರೆಂಟಿನ ಆಟೋ ತಂದ. ಗುಡ್ಡದ ಮೇಲಿನ ಆಸ್ಪತ್ರೆಗೆ ರೋಗಿಗಳನ್ನು ಕರೆದೊಯ್ಯುವುದು ಅವನ ಕೆಲಸ. ಆಸ್ಪತ್ರೆಯ ಗೇಟು ಇನ್ನೇನು ಬಂತು ಅನ್ನುವಾಗ ಆಟೋ ಕೆಟ್ಟು ನಿಲ್ಲುತ್ತಿತ್ತು. ರೋಗಿಗಳು ಇಳಿದು ಏದುಸಿರು ಬಿಡುತ್ತ ನಡೆಯಬೇಕು. ಬರಬರುತ್ತ ಅವನ ಆಟೋ ಕಂಡರೆ ಜನ ಮುಖ ತಿರುಗಿಸತೊಡಗಿದರು.

ಅವನು ಮೆಕ್ಯಾನಿಕ್ ಬಳಿ ಹೋದ. ಮೋಟಾರಿಗೆ ಕರೆಂಟನ್ನು ಅಳೆದು ಕೊಡುವ ಪೆಟ್ಟಿಗೆಯೊಂದು ಸೀಟಿನ ಕೆಳಗಿರುತ್ತದೆ, ಕಂಟ್ರೋಲರ್ ಅಂತ. ಅದರ ದೀಪ ಎಷ್ಟು ಸಲ ಮಿಣುಕಿತು ಎಂದು ಎಣಿಸಿ ಮೆಕ್ಯಾನಿಕ್, "ವಿಪರೀತ ಕಾದಿದೆ" ಎಂದ. ಬೇರೆಯದು ಹಾಕಿದ. ವಾರದೊಳಗೆ ಅದೂ ಹಾಗೇ ಆಯಿತು. ಮೂರನೆಯದೂ ಅಷ್ಟೇ. ಬಿಚ್ಚಿ ನೋಡಿದರೆ ಒಳಗೆ ಎಲ್ಲ ನೆಟ್ಟಗಿದೆ. ಷೆಡ್ಡಿನಲ್ಲಿ ಓಡಿಸಿದರೆ ಯಾವ ತಕರಾರೂ ಇಲ್ಲ.

"ಈಗ ಬರುವ ಪೆಟ್ಟಿಗೆಗಳೆಲ್ಲ ಬರೀ ಜೊಳ್ಳು. ಇನ್ನೊಂದು ಸಲ ನಿಂತರೆ ಗಾಡಿ ಮಾರಿಬಿಡುತ್ತೇನೆ" ಎಂದ ಆಟೋದವನು.

ಮೆಕ್ಯಾನಿಕ್‌ಗೆ ತಲೆ ಕೆಟ್ಟುಹೋಗಿತ್ತು. ಪೆಟ್ಟಿಗೆ ನೋಡಿದ್ದು ಸಾಕು, ಓಡಿಸುವುದನ್ನಾದರೂ ನೋಡೋಣ ಎಂದು ಹಿಂದಿನ ಸೀಟಿನಲ್ಲಿ ಹೋಗಿ ಕೂತ.

ಗೇಟಿನ ಮುಂದೆ, ಏರಿನಲ್ಲಿ ಗಾಡಿಗಳ ಸಾಲು. ಆಟೋ ನಿಂತಿತು. ಆಟೋದವನ ಕಾಲು ಬ್ರೇಕಿನ ಮೇಲೆ ಇರಲಿಲ್ಲ. ಹಿಂದಕ್ಕೆ ಜಾರದ ಹಾಗೆ ಆಕ್ಸಿಲರೇಟರನ್ನು ಚೂರೇ ಚೂರು ತಿರುಚಿ ಹಿಡಿದಿದ್ದ. ಪೆಟ್ರೋಲ್ ಆಟೋವನ್ನು ಅರ್ಧ ಕ್ಲಚ್ಚಿನಲ್ಲಿ ನಿಲ್ಲಿಸಿಕೊಳ್ಳುತ್ತಿದ್ದ ಅಭ್ಯಾಸ ಹೋಗಿರಲಿಲ್ಲ. ಗಾಡಿ ಅಲುಗುತ್ತಿಲ್ಲ, ಆದರೆ ಅದರ ಭಾರವನ್ನೆಲ್ಲ ಮೋಟಾರು ಹೊತ್ತು ನಿಂತಿದೆ, ಕರೆಂಟು ಹರಿಯುತ್ತಲೇ ಇದೆ. ಸ್ವಲ್ಪ ಹೊತ್ತಿಗೆ ಕಂಟ್ರೋಲರ್ ಕಾದು ಕೈಚೆಲ್ಲಿತು.

"ಬ್ರೇಕ್ ಯಾಕೆ ಹಿಡಿಯಲಿಲ್ಲ?" ಎಂದ ಮೆಕ್ಯಾನಿಕ್.

"ನಾನು ಸುಮ್ಮನೆ ನಿಂತಿದ್ದೆನಲ್ಲ, ಏನೂ ಮಾಡಲೇ ಇಲ್ಲ" ಎಂದ ಆಟೋದವನು.

"ಸುಮ್ಮನೆ ನಿಂತದ್ದು ನೀನು. ಮೋಟಾರನ್ನು ಸುಮ್ಮನಿರಲು ಎಲ್ಲಿ ಬಿಟ್ಟೆ?"

ಚನ್ನವೀರ ನಕ್ಕುಬಿಟ್ಟ. "ಇಪ್ಪತ್ತು ವರ್ಷ ಓಡಿಸಿದವನಿಗೆ ತನ್ನ ಕೈ ತನಗೇ ಕಾಣಲಿಲ್ಲವಲ್ಲ, ಗುರುಗಳೇ" ಎಂದ.

ಗುರುಗಳು ಹೇಳಿದರು: "ನಾಲ್ಕನೆಯವನು ಇನ್ನೂ ಬಸ್ ನಿಲ್ದಾಣದಲ್ಲೇ ಕೂತಿದ್ದಾನಂತೆ; ಹೋಗು, 'ನನ್ನ ಕೈ ಎಲ್ಲಿತ್ತಪ್ಪಾ' ಎಂದು ಅವನನ್ನೇ ಕೇಳು."