ತುಪ್ಪಕ್ಕೆ ಬಿದ್ದ ಎಲೆ

ಮರಿದೇವನೆಂಬ ಶಿಷ್ಯ ಕೇಳಿದ: “ಗುರುಗಳೇ, ಕಲಿಸಿದವನ ನೆನಪೇ ಇಲ್ಲದ ಮೇಲೆ ಕಲಿಸಿದ್ದು ಉಳಿದೀತೇ?”

ಅವನು ಮೂರು ವರ್ಷ ನೆರೆಯೂರಿಗೆ ನಡೆದುಹೋಗಿ ಕುರಿಗಾರರ ಮಕ್ಕಳಿಗೆ ಅಕ್ಷರ ಕಲಿಸಿದ್ದ. ಹಿಂದಿನ ದಿನ ಊರವರ ಸಭೆಯಲ್ಲಿ ಆ ಮಕ್ಕಳು ಎದ್ದು ನಿಂತು ಓದಿದ್ದರು. ಎಲ್ಲರೂ ಮಕ್ಕಳನ್ನು ಕೊಂಡಾಡಿದರೇ ಹೊರತು ಅವನ ಹೆಸರನ್ನು ಯಾರೂ ಎತ್ತಲಿಲ್ಲ. ಇನ್ನು ಆ ಕಡೆ ತಲೆ ಹಾಕುವುದಿಲ್ಲವೆಂದು ಅವನು ತೀರ್ಮಾನಿಸಿಬಿಟ್ಟಿದ್ದ. ಊದಿಕೊಂಡ ಅವನ ಮುಖ ನೋಡಿ ಗುರುಗಳು ನಕ್ಕರು. ಆಮೇಲೆ ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಎಲ್ಲವೂ ತನಗೇ ಗೊತ್ತು ಎಂಬುದೊಂದನ್ನು ಬಿಟ್ಟರೆ ಒಳ್ಳೆಯವನೇ. ಮಗಳ ಮದುವೆಗೆ ಎರಡು ತಿಂಗಳಿತ್ತು. ಹೋಳಿಗೆಗೆ ಬಡಿಸುವ ತುಪ್ಪ ತನ್ನ ಮನೆಯಲ್ಲೇ ಕಾಯಿಸಿದ್ದಾಗಬೇಕು, ಬೀಗರು ಅದನ್ನು ನೋಡಿ ಬೆರಗಾಗಬೇಕು ಎಂದು ಅವನಿಗೆ ಬಹಳ ಆಸೆ. ಪಕ್ಕದ ಹಳ್ಳಿಯ ಮುದುಕಿಯೊಬ್ಬಳು ಕಾಯಿಸಿದ ತುಪ್ಪ ವರ್ಷವಾದರೂ ಕಮಟು ವಾಸನೆ ಹಿಡಿಯುತ್ತಿರಲಿಲ್ಲ. ಗುಟ್ಟು ತಿಳಿಯಲು ಅವನು ಅವಳ ಒಲೆಯ ಮುಂದೆ ಹೋಗಿ ಕೂತ.

ಬೆಣ್ಣೆ ಕರಗಿ, ನೊರೆ ಇಳಿದು, ತಳದ ಗಸಿ ಕೆಂಪಾಗುವ ಹೊತ್ತಿಗೆ ಮುದುಕಿ ಒಂದೇ ಒಂದು ವೀಳ್ಯದೆಲೆ ಹಾಕಿದಳು. ಎಲೆ ಚುರ್ ಎಂದಿತು, ಮುದುಡಿತು, ಗರಿಗರಿಯಾಯಿತು. ತುಪ್ಪ ಸೋಸುವಾಗ ಅವಳು ಅದನ್ನು ತೆಗೆದು ಆಚೆ ಇಟ್ಟಳು.

ವ್ಯಾಪಾರಿ ದಾರಿಯುದ್ದಕ್ಕೂ ಮುದುಕಿಯ ಜಿಪುಣತನಕ್ಕೆ ನಗುತ್ತಾ ಬಂದ. ಸುಟ್ಟ ಒಂದು ಎಲೆಗೇ ಇಷ್ಟು ಗುಣವಿದ್ದರೆ ಹಸಿರಾದ ಹತ್ತು ಎಲೆಗೆ ಎಷ್ಟಿರಬೇಡ! ಅದೂ ಅಲ್ಲದೆ, ಹಾಕಿದ್ದು ನಾಲ್ಕು ಜನರ ಕಣ್ಣಿಗೆ ಬೀಳಬೇಡವೇ? ಅವನು ಎಲೆ ಹಾಕದೆಯೇ ತುಪ್ಪ ಕಾಯಿಸಿದ. ಅದು ತಣಿದ ಮೇಲೆ ಗಡಿಗೆಗೆ ಸುರಿದು, ಆಗತಾನೆ ತೊಳೆದ ಹತ್ತು ಎಲೆಗಳನ್ನು ಮೇಲೆ ಅಂದವಾಗಿ ಜೋಡಿಸಿ, ಬಾಯಿಗೆ ಬಟ್ಟೆ ಕಟ್ಟಿಟ್ಟ.

ಮದುವೆಯ ಬೆಳಿಗ್ಗೆ ಅಡುಗೆಯವನು ಗಡಿಗೆ ಬಿಚ್ಚಿ ಮೂಗು ಮುಚ್ಚಿಕೊಂಡ. ಎಲೆಗಳು ಕೊಳೆತಿದ್ದವು. ತುಪ್ಪ ಬಾಯಿಗಿಡುವ ಹಾಗಿರಲಿಲ್ಲ. ಬೀಗರ ಗಾಡಿಗಳು ಆಗಲೇ ಊರ ಬಾಗಿಲಿಗೆ ಬಂದಿದ್ದವು. ವ್ಯಾಪಾರಿ ಅರ್ಧ ಸುತ್ತಿದ ರುಮಾಲನ್ನು ಕೈಯಲ್ಲಿ ಹಿಡಿದುಕೊಂಡೇ ಮುದುಕಿಯ ಮನೆಗೆ ಓಡಿದ.

“ಯವ್ವಾ, ನೀ ಒಂದ ಎಲಿ ಹಾಕಿದಿ, ನಾ ಹತ್ತು ಹಾಕಿದೆ. ಎಲ್ಲಾ ಹಸರು ಎಲಿ. ಆದ್ರೂ ಕೆಟ್ಟು ಹೋತಲ್ಲ?”

ಮುದುಕಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. “ಎಲಿ ಹಸರ ಇರಬೇಕಂದ್ರ ಬಳ್ಳಿ ಮ್ಯಾಲ ಬಿಡಬೇಕಿತ್ತು, ಸಾಹುಕಾರ್ರ. ನಿಮ್ಮ ಎಲಿ ತುಪ್ಪಕ್ಕ ತನ್ನ ನೀರು ಕೊಟ್ಟಿತು. ನನ್ನ ಎಲಿ ಕಾದ ತುಪ್ಪದಾಗ ಬಿದ್ದು ತನ್ನ ಸತ್ವ ಕೊಟ್ಟಿತು.”

ಹಾಗೆಂದು ಅವಳು ಅಟ್ಟದ ಮೇಲಿದ್ದ ತನ್ನ ಗಡಿಗೆಯನ್ನು ಇಳಿಸಿ ಅವನ ತಲೆಯ ಮೇಲೆ ಹೊರಿಸಿ ಕಳಿಸಿದಳು. ಬೀಗರು ತುಪ್ಪವನ್ನು ಕೇಳಿ ಕೇಳಿ ಹಾಕಿಸಿಕೊಂಡರು. ಅದರಲ್ಲಿ ಎಲೆ ಬಿದ್ದಿತ್ತೆಂದು ಯಾರಿಗೂ ಹೊಳೆಯಲಿಲ್ಲ.

ಕತೆ ಮುಗಿಸಿ ಗುರುಗಳು ಕೇಳಿದರು: “ನಿನ್ನೆ ಮಕ್ಕಳು ಓದುವಾಗ ಎಲ್ಲಾದರೂ ಎಡವಿದರೇ?”

“ಇಲ್ಲ, ಒಂದಕ್ಷರವೂ ತಪ್ಪಲಿಲ್ಲ” ಎಂದ ಮರಿದೇವ. ಹೇಳುವಾಗ ಅವನಿಗೆ ಹೆಮ್ಮೆಯನ್ನು ಮುಚ್ಚಿಡಲಾಗಲಿಲ್ಲ.

“ತುಪ್ಪ ಕೆಟ್ಟಿಲ್ಲವಲ್ಲ, ಮತ್ತೆ ಎಲೆಯನ್ನು ಯಾಕೆ ಹುಡುಕುತ್ತೀ?”