ಲಾಯದ ಬಾಗಿಲ ರಕ್ಕಸಿ

"ಕೇಳ್ರಪ್ಪೋ ಕೇಳಿ! ಅರಸರ ಕುದುರೆ ಲಾಯದ ಬಾಗಿಲಲ್ಲಿ ಬೇನೆ ರಕ್ಕಸಿ ಬಂದು ಕೂತವಳೆ. ಅವಳ ಮೂರು ಒಗಟು ಬಿಡಿಸಿದವನಿಗೆ ಅರಸುಕುವರಿ ಚಂಪಾಜಿಯನ್ನು ಕೊಟ್ಟು ಮದುವೆ! ತಪ್ಪು ಹೇಳಿದವನು ರಕ್ಕಸಿಯ ಹೊಟ್ಟೆಗೆ! ಬೇನೆಯನ್ನು ಲಾಯದೊಳಗೆ ಹೊತ್ತು ತಿರುಗಿದವನು ಸಿಕ್ಕಿದರೆ ಅವನ ತಲೆ ಅರಸರ ಕತ್ತಿಗೆ!"

ಡಂಗುರ ಕೇಳಿ, ಲದ್ದಿ ಬಾಚುವ ಜಡೆಯ ಬುಟ್ಟಿ ಇಳಿಸಿ ನಿಂತ. ಅವನಿಗೆ ಮದುವೆಯ ಆಸೆ ಇರಲಿಲ್ಲ. ಅವನ ಜೀವವೆಲ್ಲ ಕೆಂಚಿಯ ಮೇಲೆ. ಕೆಂಚಿ ಅಂದರೆ ಕಡೇ ಕೊಟ್ಟಿಗೆಯ ಹೆಣ್ಣು ಕುದುರೆ, ತುಂಬು ಗಬ್ಬದ್ದು. ಅರಸರು ಮರಿ ಹಾಕಿಸಲೆಂದೇ ಕಟ್ಟಿಸಿದ ಲಾಯ ಅದು. ಒಂದರ ಹಿಂದೆ ಒಂದು ಕುದುರೆ ಮೇವು ಬಿಟ್ಟು, ಮೈ ಕಾದು, ತೆಳ್ಳಗೆ ಉಚ್ಚಿಕೊಂಡು ಮಲಗುತ್ತಿತ್ತು. ನಿನ್ನೆಯಿಂದ ಕೆಂಚಿಯೂ ಹುಲ್ಲು ಮೂಸಿ ಮುಖ ತಿರುಗಿಸುತ್ತಿತ್ತು. ಮೈ ಮುಟ್ಟಿದರೆ ಕಾದ ಹೆಂಚು.

ಬಾಗಿಲಲ್ಲಿ ಜನವೋ ಜನ. ಅರಸರೂ ಚಂಪಾಜಿಯೂ ಬಂದು ನಿಂತಿದ್ದರು. ರಕ್ಕಸಿ ಕಾಲು ಚಾಚಿ ಕೂತು ಕೇಳಿದಳು: "ಬೀಳುವಾಗ ಬೆಚ್ಚಗೆ, ಒಣಗಿದರೆ ಹಗುರ. ಬೇಕೆಂದು ಯಾರೂ ತಿನ್ನುವುದಿಲ್ಲ, ಆದರೂ ಎಲ್ಲರ ಬಾಯಿಗೂ ಹೋಗುತ್ತೆ. ಏನದು?"

"ಗಾಳಿ!" ಅಂದ ದಳವಾಯಿಯ ಮಗ. ಗುಳುಂ!

"ಚಾಡಿ ಮಾತು" ಅಂದ ಪಕ್ಕದ ರಾಜ್ಯದ ರಾಜಕುಮಾರ, ಮೀಸೆ ತಿರುವಿ.

"ಉತ್ತರ ಚೆಂದ ಐತೆ ಕಣಪ್ಪ, ಆದ್ರೆ ತಪ್ಪು" ಅಂದಳು ರಕ್ಕಸಿ. ಗುಳುಂ!

ಮಿಕ್ಕವರು ಹಿಂದೆ ಸರಿದರು. ಜಡೆಯ ಮುಂದೆ ಬಂದ.

"ಯಾಕೋ ಜಡೆಯ, ಸಾಯೋಕೆ ಬಂದ್ಯಾ?" ಅಂದಳು ಚಂಪಾಜಿ.

"ಕೆಂಚಿ ಮೇವು ಬಿಟ್ಟವಳೆ, ಅಮ್ಮಣ್ಣಿ." ಅಷ್ಟೇ ಅಂದು ರಕ್ಕಸಿಗೆ ಹೇಳಿದ: "ಲದ್ದಿ. ಗೊರಸಿನಲ್ಲಿ ಮೆತ್ತಿ, ಬುಟ್ಟಿಯಲ್ಲಿ ಉದುರಿ, ನೀರಿನ ಬಾನಿಗೆ ಬೀಳುತ್ತೆ. ಆ ನೀರನ್ನೇ ಎಲ್ಲಾ ಕುಡೀತವೆ."

ರಕ್ಕಸಿ ಕಾಲು ಮಡಚಿಕೊಂಡಳು. "ನನಗೆ ಮೊದಲು ಮನೆ ಕೊಟ್ಟವನು ಯಾರು? ಅವನಿಗೆ ಮೈ ಬಿಸಿಯಿಲ್ಲ, ಸುಸ್ತಿಲ್ಲ. ಹೊಟ್ಟೆ ತುಂಬ ತಿಂದು ಕುಣೀತಾನೆ."

ಜಡೆಯನಿಗೆ ಆ ಲಾಯದ ಪದ್ಧತಿ ನೆನಪಾಯಿತು. ಹೊಸ ಕುದುರೆ ಬಂದರೆ, ನೆಂಟಸ್ತನ ಬೆಳೆಯಲಿ ಅಂತ, ಅದರ ಮುಖವನ್ನು ಬಾನಿಗೆ ಬಗ್ಗಿಸಿ ಮೊದಲು ಅದಕ್ಕೆ ಕುಡಿಸುತ್ತಿದ್ದರು. ಆಮೇಲೆ ಉಳಿದವಕ್ಕೆ.

"ಹಡಗಿನಲ್ಲಿ ಬಂದ ಬಿಳಿ ಗಂಡು ಕುದುರೆ" ಅಂದ. "ಅದು ಗಟ್ಟಿಮುಟ್ಟಾಗೇ ಐತೆ. ಬೇನೆ ಅದರ ಹೊಟ್ಟೆಯೊಳಗೆ ಸದ್ದಿಲ್ಲದೆ ಬಂತು."

ಅರಸರ ಮುಖ ಕಪ್ಪಿಟ್ಟಿತು. ಆ ಕುದುರೆ ಅಂದರೆ ಅವರಿಗೆ ಪ್ರಾಣ.

ರಕ್ಕಸಿ ಮೆಲ್ಲಗೆ ಕೇಳಿದಳು: "ನಾನಾಗಿ ಎಲ್ಲಿಗೂ ನಡೆದು ಹೋಗೋಳಲ್ಲ. ಕಡೇ ಕೊಟ್ಟಿಗೆಗೆ ಬಾನಿಯಿಲ್ಲ, ಬಿಳಿ ಕುದುರೆ ಅತ್ತ ಸುಳಿದಿಲ್ಲ. ನನ್ನನ್ನು ಅಲ್ಲಿಗೆ ಪ್ರೀತಿಯಿಂದ ಹೊತ್ತು ತಂದವನು ಯಾರು?"

ಜಡೆಯ ಹೇಳಲು ಬಾಯಿ ತೆರೆದ. ಕಣ್ಣು ತನ್ನ ಕೈ ಮೇಲೆ ಬಿತ್ತು. ಕಾಯಿಲೆ ಕುದುರೆಗಳ ಲದ್ದಿ ಬಾಚಿ, ಕೈಯನ್ನು ಪಂಚೆಗೆ ಒರೆಸಿ, ಅದೇ ಬೊಗಸೆಯಲ್ಲಿ ಕೆಂಚಿಗೆ ನೆನೆಸಿದ ಹುರುಳಿ ತಿನ್ನಿಸುತ್ತಿದ್ದವನು ತಾನೇ. ಹೇಳಿದರೆ ಕತ್ತಿ, ಸುಮ್ಮನಿದ್ದರೆ ರಕ್ಕಸಿಯ ಬಾಯಿ. ಸುಮ್ಮನಿದ್ದರೆ ಕೆಂಚಿಯೂ ಇಲ್ಲ, ಹೊಟ್ಟೆಯಲ್ಲಿರೋ ಮರಿಯೂ ಇಲ್ಲ.

"ನಾನೇ" ಅಂದ. "ಈ ಕೈಯಲ್ಲೇ."

ಅರಸರು ಕತ್ತಿ ಹಿರಿದರು. ಚಂಪಾಜಿ ಅಡ್ಡ ಬಂದಳು. "ತಾಳಿ ಅಪ್ಪಾಜಿ. ಬಿಳಿ ಕುದುರೆಯ ಮುಖ ಬಾನಿಗೆ ಬಗ್ಗಿಸಿದ ಕೈ ಯಾರದ್ದು?"

ಅರಸರು ಕತ್ತಿ ಹಿಡಿದ ತಮ್ಮ ಕೈಯನ್ನು ನೋಡಿಕೊಂಡರು. ಕತ್ತಿ ಒರೆಗೆ ಹೋಯಿತು.

"ಮೂರೂ ಸರಿ" ಅಂದಳು ರಕ್ಕಸಿ. ನುಂಗಿದವರನ್ನು ಉಗುಳಿ, ಗೊಣಗುತ್ತಾ ಎದ್ದಳು. "ಇನ್ನು ಇವರು ಬಾನಿ ಬೇರೆ ಮಾಡ್ತಾರೆ, ಕೈ ತೊಳೀತಾರೆ. ನನಗೆ ಇಲ್ಲೇನು ಊಟ?"

ಹಾಗೇ ಮಾಡಿದರು. ಹೊಸ ಕುದುರೆಗೆ ದೂರದಲ್ಲಿ ಕೊಟ್ಟಿಗೆ, ಕಾಯಿಲೆಯವಕ್ಕೆ ಬೇರೆ ಆಳು, ಬೇರೆ ಬುಟ್ಟಿ. ಕುದುರೆಗಳೆಲ್ಲಾ ಉಳಿದವು ಅಂತಲ್ಲ, ಸುಳ್ಳು ಯಾಕೆ ಹೇಳಲಿ.

ಮದುವೆ ಗೊತ್ತಾಯಿತು. ಜಡೆಯ ಮಾತ್ರ ಬೇಲಿಯಾಚೆ ನಿಂತು ಬಿಟ್ಟ. ಕೆಂಚಿ ಅವನನ್ನು ಕಂಡು ಕೆನೆಯಿತು. ಅವನು ಬೇಲಿಯ ಗಳು ಹಿಡಿದು ತುಟಿ ಕಚ್ಚಿಕೊಂಡ, ಒಳಗೆ ಹೋಗಲಿಲ್ಲ. ಮೇವು ಹಾಕಿದ್ದು ಬೇರೆಯವರು. ಅದು ಹುಲ್ಲಿಗೆ ಬಾಯಿ ಹಾಕುವವರೆಗೂ ಬಾಸಿಂಗ ಕಟ್ಟಿಸಿಕೊಳ್ಳಲ್ಲ ಅಂದ. ಓಲಗದವರು ಕಾದರು, ಅರಸರೂ ಕಾದರು.

ಒಂದು ಬೆಳಗ್ಗೆ ಕೆಂಚಿ ತಲೆ ಬಗ್ಗಿಸಿ ಒಂದು ಬಾಯಿ ಹುಲ್ಲು ಅಗಿಯಿತು. ಜಡೆಯ ಅಳುತ್ತಾ ಗಳು ದಾಟಲು ಹೋದ.

"ಎಲ್ಲಿಗೆ? ಇನ್ನೂ ಸ್ವಲ್ಪ ದಿನ" ಅಂದಳು ಚಂಪಾಜಿ, ಅವನ ಕೈಗೆ ಚೊಂಬಿನ ನೀರು ಸುರಿಯುತ್ತಾ. "ಮೊದಲು ನನ್ನನ್ನ ಮದುವೆಯಾಗು."